91, 95, 98: ಹಳೆಯ ಟರ್ಬೊ ಕಾರಿಗೆ ಎಷ್ಟು ಆಕ್ಟೇನ್ ಸಾಕು?

ನನ್ನ ಕಾರಿನ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಮೈಯಲ್ಲಿ ಒಂದು ಚೀಟಿ ಅಂಟಿದೆ. ಪೆಟ್ರೋಲ್ ಹನಿ ಬಿದ್ದು ಬಿದ್ದು ಅಂಚು ಮಾಸಿದ್ದರೂ ಅಕ್ಷರ ಓದಬಹುದು: ಸೂಕ್ತ 95, ಕನಿಷ್ಠ 91. ಇಪ್ಪತ್ತು ವರ್ಷ ದಾಟಿದ, ಎರಡು ಲಕ್ಷ ಕಿಲೋಮೀಟರಿಗಿಂತ ಹೆಚ್ಚು ಓಡಿದ ಎರಡು ಲೀಟರಿನ ಟರ್ಬೊ ಎಂಜಿನ್ ಇದು. ಹೊಸದಾಗಿದ್ದಾಗ ಬರೆದ ಆ ಮಾತು ಈಗಲೂ ನಿಜವೇ ಎಂದು ನೋಡಲು ಮೂರೂ ಬಗೆಯ ಪೆಟ್ರೋಲನ್ನು ಹಾಕಿ ಓಡಿಸಿದೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡಬೇಕು. ಆಕ್ಟೇನ್ ಹೆಚ್ಚಿದ ಮಾತ್ರಕ್ಕೆ ಪೆಟ್ರೋಲಿನಲ್ಲಿ ಶಕ್ತಿ ಹೆಚ್ಚುವುದಿಲ್ಲ. ಕಿಡಿ ಹಾರಿದ ಮೇಲೆ ಬೆಂಕಿ ಸಿಲಿಂಡರಿನ ಮೂಲೆಯನ್ನು ತಲುಪುವ ಮುನ್ನವೇ ಅಲ್ಲಿನ ಮಿಶ್ರಣ ಬಿಸಿ ಮತ್ತು ಒತ್ತಡಕ್ಕೆ ತಾನಾಗಿ ಸಿಡಿಯುವುದು ನಾಕಿಂಗ್. ಅದನ್ನು ಪೆಟ್ರೋಲ್ ಎಷ್ಟು ತಡೆದುಕೊಳ್ಳುತ್ತದೆ ಎಂಬುದಷ್ಟೇ ಆಕ್ಟೇನ್ ಸಂಖ್ಯೆ. ಟರ್ಬೊ ಗಾಳಿಯನ್ನು ಒತ್ತಿ ತುಂಬುತ್ತದೆ, ಒತ್ತಿದ ಗಾಳಿ ಕಾಯುತ್ತದೆ; ಆದ್ದರಿಂದಲೇ ಈ ಲೆಕ್ಕಾಚಾರ ನಮಗೆ ಮಾಮೂಲಿ ಕಾರಿನವರಿಗಿಂತ ಮುಖ್ಯ. ಇನ್ನೊಂದು ಎಚ್ಚರ: ನಾನು ಹೇಳುತ್ತಿರುವುದೆಲ್ಲ ಆರ್‌ಒಎನ್ ಸಂಖ್ಯೆ, ಅಂದರೆ ಹಗುರ ಪರೀಕ್ಷೆಯಲ್ಲಿ ಅಳೆದ ಆಕ್ಟೇನ್. ಕೆಲವು ದೇಶಗಳ ಬಂಕುಗಳಲ್ಲಿ ಇದರ ಮತ್ತು ಇನ್ನೂ ಕಠಿಣ ಪರೀಕ್ಷೆಯಲ್ಲಿ ಅಳೆದ ಎಂಒಎನ್‌ನ ಸರಾಸರಿಯನ್ನು ಬರೆಯುತ್ತಾರೆ. ಅಲ್ಲಿನ 91 ಹೆಚ್ಚುಕಡಿಮೆ ನಮ್ಮ ಚೀಟಿಯ 95ಕ್ಕೆ ಸಮ. ಇದು ತಿಳಿಯದೆ ಗಾಬರಿಯಾಗುವವರೂ ಇದ್ದಾರೆ, ನೆಮ್ಮದಿಯಿಂದ ತಪ್ಪು ಪೆಟ್ರೋಲ್ ಹಾಕುವವರೂ ಇದ್ದಾರೆ.

ಪ್ರತಿಯೊಂದನ್ನೂ ಎರಡು ಟ್ಯಾಂಕ್ ಹಾಕಿದೆ. ಮೊದಲನೆಯದು ಹಳೆಯದರ ಜೊತೆ ಬೆರೆತಿರುತ್ತದೆ, ಎಂಜಿನ್ ಕಂಪ್ಯೂಟರಿಗೂ ಹೊಂದಿಕೊಳ್ಳಲು ಸಮಯ ಬೇಕು. ಹಾಗಾಗಿ ಎರಡನೆಯದನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡೆ. ಒಂದೇ ಏರು ರಸ್ತೆ, ಮೂರನೇ ಗೇರು, ಮಧ್ಯಾಹ್ನದ ಬಿಸಿ. ಎಂಜಿನ್ ಕಂಪ್ಯೂಟರಿನ ಅಂಕಿಗಳನ್ನು ಓದಲೆಂದು ಡ್ಯಾಶ್‌ಬೋರ್ಡಿನ ಕೆಳಗಿರುವ ಒಬಿಡಿ ಕೊಂಡಿಗೆ ಸಣ್ಣ ಸಾಧನ ಸಿಕ್ಕಿಸಿ, ನಾಕಿಂಗ್ ಕಂಡಾಗ ಕಂಪ್ಯೂಟರು ಕಿಡಿಯನ್ನು ಎಷ್ಟು ಡಿಗ್ರಿ (ಬಿಸಿಯ ಡಿಗ್ರಿಯಲ್ಲ, ಎಂಜಿನ್ ತಿರುಗುವ ಕೋನ) ತಡಮಾಡುತ್ತಿದೆ ಎಂದು ಪಕ್ಕದಲ್ಲಿ ಕುಳಿತವರಿಂದ ಓದಿಸಿಕೊಂಡೆ.

91ರಲ್ಲಿ ಆರೇಳು ಡಿಗ್ರಿ. ಸಮತಟ್ಟಿನಲ್ಲಿ ಮೆಲ್ಲಗೆ ಹೋಗುವಾಗ ಯಾವ ಕೊರತೆಯೂ ಇಲ್ಲ. ಏರಿನಲ್ಲಿ ಮಾತ್ರ ಯಾರೋ ಹಿಂದಿನಿಂದ ಹಿಡಿದು ಎಳೆದಂತೆ. ಕಿವಿಗೆ ಸದ್ದೇನೂ ಕೇಳಿಸಲಿಲ್ಲ, ನಾಕಿಂಗ್ ಗುರುತಿಸುವ ಸೆನ್ಸರ್ ಅದಕ್ಕೆ ಮೊದಲೇ ಕೆಲಸ ಮಾಡುತ್ತದೆ. ಆದರೆ ಇದನ್ನು ಪುಕ್ಕಟೆ ರಕ್ಷಣೆ ಎಂದು ತಿಳಿಯಬಾರದು. ಕಿಡಿ ತಡವಾದಷ್ಟೂ ಹೊರಹೋಗುವ ಹೊಗೆ ಹೆಚ್ಚು ಬಿಸಿಯಾಗಿರುತ್ತದೆ, ಆ ಬಿಸಿ ನೇರವಾಗಿ ಟರ್ಬೊದ ಮೇಲೆ ಬೀಳುತ್ತದೆ. 95ರಲ್ಲಿ ನಾಲ್ಕು ಡಿಗ್ರಿ. 98ರಲ್ಲಿ ಒಂದೋ ಎರಡೋ, ಕಾರು ಹತ್ತು ವರ್ಷ ಚಿಕ್ಕದಾದಂತೆ ಏರಿತು.

ಸರಿ, ಇನ್ನು ಮೇಲೆ 98 ಎಂದು ತೀರ್ಮಾನಿಸಿಯೂ ಆಗಿತ್ತು. ಆದರೆ ಚೀಟಿ 95 ಸೂಕ್ತ ಎನ್ನುತ್ತಿರುವಾಗ ಅದರಲ್ಲಿ ನಾಲ್ಕು ಡಿಗ್ರಿ ಏಕೆ ಎಂಬ ಪ್ರಶ್ನೆ ಬಿಡಲಿಲ್ಲ.

ಒಂದು ಭಾನುವಾರ ಬಾನೆಟ್ ತೆರೆದು, ಟರ್ಬೊ ಕಾಯಿಸಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಕೊಳವೆಯ ಅಡಿಗೆ ಕೈ ಹಾಕಿದೆ. ಬೆರಳಿಗೆ ಕಪ್ಪು ಎಣ್ಣೆ ಹತ್ತಿತು. ಕೊಳವೆಯನ್ನು ಹಿಂಡಿದರೆ, ಕ್ಲಾಂಪಿನ ಪಕ್ಕದಲ್ಲೇ ಉಗುರಿನಷ್ಟು ಉದ್ದದ ಸೀಳು ಬಾಯಿ ಬಿಟ್ಟಿತು. ಕೈ ಬಿಟ್ಟೊಡನೆ ಮುಚ್ಚಿಕೊಂಡಿತು. ಸೋರಿದ ಗಾಳಿಯನ್ನು ತುಂಬಿಕೊಡಲು ಟರ್ಬೊ ಹೆಚ್ಚು ತಿರುಗುತ್ತಿತ್ತು, ಗಾಳಿಯನ್ನು ಹೆಚ್ಚು ಕಾಯಿಸುತ್ತಿತ್ತು. ಎಣ್ಣೆ ಎಲ್ಲಿಂದ ಬಂತು ಎಂದು ಹುಡುಕಿದಾಗ ಎಂಜಿನ್ನಿನ ಉಸಿರು ಹೊರಬಿಡುವ ವಾಲ್ವ್ ಜಿಡ್ಡು ಕಟ್ಟಿ ಕುಳಿತಿತ್ತು. ಎಣ್ಣೆಯ ಆವಿ ಗಾಳಿಯೊಂದಿಗೆ ಸಿಲಿಂಡರ್ ಸೇರಿದರೆ ಪೆಟ್ರೋಲಿನ ಆಕ್ಟೇನ್ ತಗ್ಗಿದಂತೆಯೇ ಸರಿ. ಬಂಕಿನಲ್ಲಿ ದುಡ್ಡು ಕೊಟ್ಟು ತುಂಬಿಸಿದ್ದನ್ನು ನಾನೇ ಕೆಡಿಸಿಕೊಳ್ಳುತ್ತಿದ್ದೆ.

ಕೊಳವೆ, ವಾಲ್ವ್, ಅದರ ಜೊತೆಗೆ ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನೂ ಬದಲಿಸಿದೆ. ಅದೇ ಏರು, ಅದೇ ಹೊತ್ತು: 91ರಲ್ಲಿ ನಾಲ್ಕು ಡಿಗ್ರಿ, 95ರಲ್ಲಿ ಒಂದು, 98ರಲ್ಲಿ ಒಮ್ಮೊಮ್ಮೆ ಸೊನ್ನೆ. 95 ಮತ್ತು 98ರ ವ್ಯತ್ಯಾಸ ಈಗ ಸಾಧನಕ್ಕೆ ಕಾಣುತ್ತದೆ, ನನಗೆ ಕಾಣುವುದಿಲ್ಲ. ಅಷ್ಟು ದಿನ 98 ನನ್ನ ಕಾರಿಗೆ ನೋವಿನ ಮಾತ್ರೆಯಾಗಿತ್ತು.

ಆಕ್ಟೇನ್ ಹೆಚ್ಚಿಸುವ ಬಾಟಲಿಯನ್ನೂ ಒಮ್ಮೆ ಸುರಿದು ನೋಡಿದ್ದೆ. ಅಂಥ ಬಾಟಲಿಗಳ ಮೇಲೆ 'ಮೂರು ಪಾಯಿಂಟ್' ಎಂದಿದ್ದರೆ ಸಾಮಾನ್ಯವಾಗಿ ಅದರ ಅರ್ಥ 0.3 ಎಂದು ಆಮೇಲೆ ತಿಳಿಯಿತು. ಸಾಧನದ ಅಂಕಿ ಕದಲಲಿಲ್ಲ. ಬಿಚ್ಚಿದ ಪ್ಲಗ್ಗುಗಳ ಬಿಳಿ ಪಿಂಗಾಣಿ ಮಾತ್ರ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಮ್ಯಾಂಗನೀಸ್ ಸೇರಿಸಿದ ಮಿಶ್ರಣಗಳು ಬಿಡುವ ಗುರುತು ಅದು. ಮತ್ತೆ ಆ ಸಹವಾಸಕ್ಕೆ ಹೋಗಿಲ್ಲ.

ಈಗ 98ರಿಂದ ಉಳಿದ ದುಡ್ಡು ಎಂಜಿನ್ ಆಯಿಲಿಗೆ ಹೋಗುತ್ತಿದೆ. ಮೊದಲು ಅರೆ ಸಿಂಥೆಟಿಕ್ ಆಯಿಲ್ ಹಾಕಿ ಕೈಪಿಡಿ ಹೇಳಿದಂತೆ 15,000 ಕಿಲೋಮೀಟರಿಗೆ ಬದಲಿಸುತ್ತಿದ್ದೆ. ಈಗ ಪೂರ್ಣ ಸಿಂಥೆಟಿಕ್, 7,500ಕ್ಕೆ. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಟರ್ಬೊದ ಅಚ್ಚು ನಿಂತಿರುವುದು ಎಣ್ಣೆಯ ತೆಳುಪದರದ ಮೇಲೆ, ಅಲ್ಲಿ ಜಿಪುಣತನ ನಡೆಯುವುದಿಲ್ಲ. ಕಾರು ನಿಲ್ಲಿಸುವ ವಿಧಾನದಲ್ಲೂ ಎರಡನ್ನು ನೋಡಿದೆ. ಎರಡು ನಿಮಿಷ ಎಂಜಿನ್ ಸುಮ್ಮನೆ ಓಡಿಸಿ ಆರಿಸುವುದು ಒಂದು, ಕೊನೆಯ ಎರಡು ಮೂರು ಕಿಲೋಮೀಟರನ್ನು ಟರ್ಬೊ ಕೆರಳದಂತೆ ಮೆಲ್ಲಗೆ ಓಡಿಸಿ ಬಂದೊಡನೆ ಆರಿಸುವುದು ಇನ್ನೊಂದು. ನನಗೆ ಎರಡನೆಯದೇ ಇಷ್ಟ: ಗಾಳಿಯೂ ಆಡುತ್ತದೆ, ಎಣ್ಣೆಯೂ ಹರಿಯುತ್ತದೆ. ವೇಗದ ಹೆದ್ದಾರಿಯಿಂದ ನೇರವಾಗಿ ತಂಗುದಾಣಕ್ಕೆ ಹೊರಳಿದಾಗ ಮಾತ್ರ ಮೊದಲನೆಯದು. ಕೆಂಪಗೆ ಕಾದ ಟರ್ಬೊವನ್ನು ಒಮ್ಮೆಲೇ ಆರಿಸಿದರೆ ಒಳಗೆ ನಿಂತ ಎಣ್ಣೆ ಸುಟ್ಟು ಕರಿಯಾಗಿ ಅಂಟುತ್ತದೆ.

ಪೂರ್ತಿ ಜನ, ಸಾಮಾನು ಹೇರಿಕೊಂಡು ಕಡುಬೇಸಿಗೆಯಲ್ಲಿ ಉದ್ದದ ಏರು ಹತ್ತುವ ದಿನ 98 ಹಾಕುತ್ತೇನೆ, ಉಳಿದ ದಿನಗಳಲ್ಲಿ 95. ಬೇರೇನೂ ಸಿಗದ ಕಡೆ 91 ಹಾಕಿ ಕಾಲು ಹಗುರವಾಗಿಡುತ್ತೇನೆ. ಕಂಪ್ಯೂಟರಿನ ಲೆಕ್ಕ ತಿದ್ದಿಸಿ ಟರ್ಬೊ ಒತ್ತಡ ಏರಿಸಿಕೊಂಡವರಿಗೆ ಮುಚ್ಚಳದ ಚೀಟಿಯೂ ನನ್ನ ಈ ಲೆಕ್ಕವೂ ಅನ್ವಯಿಸುವುದಿಲ್ಲ. ತಿದ್ದಿದವರು ಯಾವ ಪೆಟ್ರೋಲಿಗೆ ತಿದ್ದಿದರೋ ಅದನ್ನೇ ಹಾಕಬೇಕು.