ಹಾಸನದಿಂದ ಲಂಡನ್: ನೇರ ವಿಮಾನವೋ, ದುಬೈ ಮೇಲೋ?

ಮಗಳ ಮನೆಗೆ, ಓದಿಗೆ ಅಂತ ಲಂಡನ್‌ಗೆ ಹೊರಟವರು ಮೊದಲು ಕೇಳೋದು ಟಿಕೆಟ್ ದರ. ನಾನು ಮೊದಲು ಗಂಟೆ ಲೆಕ್ಕ ಹಾಕಿ ಅಂತೀನಿ.

ಬೆಂಗಳೂರಿನಿಂದ ಲಂಡನ್‌ಗೆ ನೇರ ದೂರ ಸುಮಾರು 8,000 ಕಿ.ಮೀ. ದುಬೈ ಮೇಲೆ ಹೋದರೆ ಮೊದಲು 2,700, ಆಮೇಲೆ 5,500, ಅಂದರೆ ಒಟ್ಟು 8,200ರ ಆಸುಪಾಸು. ದುಬೈ ಹೆಚ್ಚುಕಡಿಮೆ ದಾರಿಯಲ್ಲೇ ಸಿಗುತ್ತದೆ, ಹಾಗಾಗಿ ದೂರ ಜಾಸ್ತಿ ಆಗೋದಿಲ್ಲ, ಸಮಯ ತಿನ್ನೋದು ಅಲ್ಲಿ ಇಳಿದು ಇನ್ನೊಂದು ವಿಮಾನಕ್ಕೆ ಕಾಯೋದು. ನೇರ ವಿಮಾನಕ್ಕೆ ಹತ್ತು, ಹನ್ನೊಂದು ಗಂಟೆ ಬೇಕು. ದುಬೈ ಮೇಲೆ ಹಾರಾಟವೇ ಹನ್ನೊಂದು ಚಿಲ್ಲರೆ, ಕಾಯುವುದು ಮೂರು ಗಂಟೆ ಅಂದರೂ ಹದಿನಾಲ್ಕು ದಾಟುತ್ತದೆ. ವಾಪಸ್ ಬರುವಾಗ ಮೇಲ್ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸೋದರಿಂದ ಸಾಮಾನ್ಯವಾಗಿ ಸ್ವಲ್ಪ ಬೇಗ ತಲುಪುತ್ತೀರಿ.

ಟಿಕೆಟ್‌ನಲ್ಲಿರೋ ಸಮಯ ನೋಡಿ ಮೋಸ ಹೋಗಬೇಡಿ. ಅದು ಆಯಾ ಊರಿನ ಗಡಿಯಾರ, ಲಂಡನ್ ನಮಗಿಂತ ಚಳಿಗಾಲದಲ್ಲಿ ಐದೂವರೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಹಿಂದೆ.

ಹಾಸನದವರಿಗೆ ಇನ್ನೊಂದು ಆಸೆ ಇರುತ್ತದೆ: ದೇವನಹಳ್ಳಿ 200 ಕಿ.ಮೀ. ಮೇಲಾಗುತ್ತದೆ, ಮಂಗಳೂರು ಹತ್ತಿರ, ಅಲ್ಲಿಂದಲೂ ದುಬೈಗೆ ವಿಮಾನ ಇದೆ ಅಲ್ವಾ? ಇದೆ. ಆದರೆ ಮಳೆಗಾಲದಲ್ಲಿ ಶಿರಾಡಿ ಘಾಟಿಯನ್ನು ನಂಬಿಕೊಂಡು ವಿಮಾನ ಹಿಡಿಯೋದು ನನಗಂತೂ ಬೇಡ, ಮೇಲಾಗಿ ಎರಡು ಬೇರೆ ಟಿಕೆಟ್ ತಗೊಂಡು ಮೊದಲನೇ ವಿಮಾನ ತಡವಾದರೆ ಎರಡನೆಯದರ ದುಡ್ಡು ಹೋಯ್ತು ಅಂತಲೇ ತಿಳಿಯಿರಿ.

ವಯಸ್ಸಾದವರು ಒಬ್ಬರೇ ಹೋಗೋದಾದರೆ ದುಡ್ಡು ಜಾಸ್ತಿಯಾದರೂ ನೇರ ವಿಮಾನ. ಹುಡುಗರಾದರೆ ದುಬೈ, ಒಂದೇ ಟಿಕೆಟ್‌ನಲ್ಲಿ.