ಕುಕ್ಕರ್, ಒಟಿಜಿ, ಮೈಕ್ರೋವೇವ್: ಒಂದೇ ಅಳತೆ, ಮೂರು ಕೇಕ್

ಹಾಸನದವರಿಗೆ ಬೇಕರಿ ತಿಂಡಿ ಹೊಸದೇನಲ್ಲ. ಬೆಂಗಳೂರಿನಲ್ಲಿ ಅಯ್ಯಂಗಾರ್ ಬೇಕರಿ ನಡೆಸುವವರಲ್ಲಿ ತುಂಬಾ ಜನ ನಮ್ಮ ಜಿಲ್ಲೆಯ ಹಳ್ಳಿಗಳಿಂದ ಹೋದವರೇ. ಮೊಟ್ಟೆ ಹಾಕದ ಕೇಕು, ಖಾರಾ ಬನ್ನು, ಬೆಣ್ಣೆ ಬಿಸ್ಕತ್ತು ತಿಂದು ಬೆಳೆದವಳು ನಾನು. ಆ ರುಚಿ ಮನೆಯಲ್ಲೂ ಬರಬೇಕು ಅಂತ ಎರಡು ವರ್ಷದಿಂದ ಬೇಕಿಂಗ್ ಹಿಡಿದಿದ್ದೇನೆ. ಬೀದಿಯವರಿಗೆ ಹಂಚುವಾಗ ಎಲ್ಲರೂ ಕೇಳುವುದು ಒಂದೇ, "ಓವನ್ ಇಲ್ಲದೆ ಆಗಲ್ವಾ?" ಅದಕ್ಕೇ ಒಂದು ಭಾನುವಾರ ಪೂರ್ತಿ ಇದಕ್ಕೆ ಅಂತಲೇ ಇಟ್ಟೆ. ಕುಕ್ಕರ್ ಮತ್ತು ಒಟಿಜಿ (ಮೇಲೆ ಕೆಳಗೆ ಕಾಯುವ ರಾಡ್ ಇರುವ ಕರೆಂಟಿನ ಪುಟ್ಟ ಓವನ್) ನಮ್ಮ ಮನೆಯದು, ಕನ್ವೆಕ್ಷನ್ ಮೈಕ್ರೋವೇವ್, ಅಂದರೆ ಫ್ಯಾನಿನಿಂದ ಬಿಸಿ ಗಾಳಿ ಬೀಸಿ ಬೇಯಿಸುವಂಥದ್ದು, ಮಾತ್ರ ಎದುರುಮನೆಯ ನಾದಿನಿಯದು.

ಅಳತೆ ಮೂರಕ್ಕೂ ಒಂದೇ. ಒಂದೂವರೆ ಕಪ್ ಮೈದಾ, ಮುಕ್ಕಾಲು ಕಪ್ ಸಕ್ಕರೆ, ಒಂದು ಕಪ್ ಮೊಸರು, ಅರ್ಧ ಕಪ್ ಎಣ್ಣೆ, ಅರ್ಧ ಚಮಚ ಸೋಡಾ, ಒಂದು ಚಮಚ ಬೇಕಿಂಗ್ ಪೌಡರ್. ಹಿಟ್ಟು ಒಟ್ಟಿಗೆ ಕಲಸಿಡಲಿಲ್ಲ. ಮೊಸರಿನ ಹುಳಿ ತಾಗಿದ ಕೂಡಲೇ ಸೋಡಾ ಗುಳ್ಳೆ ಎಬ್ಬಿಸಲು ಶುರು ಮಾಡುತ್ತದೆ, ಹಿಟ್ಟು ಕಾದಷ್ಟೂ ಗುಳ್ಳೆ ಹೋಗಿ ಕೇಕು ಗಟ್ಟಿಯಾಗುತ್ತದೆ. ಇನ್ನೊಂದು ಮಾತು. ಹಾಸನ ಇರುವುದು ಸುಮಾರು 3,000 ಅಡಿ ಎತ್ತರದಲ್ಲಿ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ಕೇಕು ಬೇಗ ಉಬ್ಬಿ ಆಮೇಲೆ ನಡುವೆ ಕುಸಿಯುತ್ತದೆ. ಮೊದಲು ನಾನು ಪೌಡರ್ ಒಂದೂಕಾಲು ಚಮಚ ಹಾಕುತ್ತಿದ್ದೆ, ಒಂದಕ್ಕೆ ಇಳಿಸಿದ ಮೇಲೆ ಗುಂಡಿ ಬೀಳುವುದು ನಿಂತಿತು.

ಕುಕ್ಕರಿನಿಂದ ಶುರು ಮಾಡಿದೆ. ಗ್ಯಾಸ್ಕೆಟ್ ಮತ್ತು ವಿಷಲ್ ಎರಡನ್ನೂ ತೆಗೆಯಲೇಬೇಕು, ಇದನ್ನು ಮಾತ್ರ ಯಾರೂ ಮರೆಯಬೇಡಿ. ತಳಕ್ಕೆ ಒಂದೂವರೆ ಕಪ್ ಕಲ್ಲುಪ್ಪು, ಮೇಲೆ ಸ್ಟ್ಯಾಂಡ್, ನೀರು ಒಂದು ಹನಿಯೂ ಬೇಡ. ಹತ್ತು ನಿಮಿಷ ಕಾಯಿಸಿ ಟಿನ್ ಇಟ್ಟು ಉರಿ ಸಣ್ಣ ಮಾಡಿದೆ. ನಲವತ್ತೆರಡು ನಿಮಿಷಕ್ಕೆ ಚುಚ್ಚಿದ ಕಡ್ಡಿ ಸ್ವಚ್ಛವಾಗಿ ಬಂತು. ಮೇಲ್ಭಾಗ ಬೆಳ್ಳಗೆ, ಸ್ವಲ್ಪ ಅಂಟಂಟು. ಬಿಸಿ ಕೆಳಗಿನಿಂದ ಮತ್ತು ಪಕ್ಕದಿಂದ ಬರುತ್ತದೆಯೇ ಹೊರತು ಮೇಲಿನಿಂದ ಬರುವುದಿಲ್ಲ, ಹಾಗಾಗಿ ಬಣ್ಣ ಹಿಡಿಯುವುದಿಲ್ಲ. ಆದರೆ ಒಳಗೆ! ಆವಿ ಹೊರಗೆ ಜಾಸ್ತಿ ಹೋಗದೆ ಇರುವುದರಿಂದಲೋ ಏನೋ, ಬೆರಳಲ್ಲಿ ಒತ್ತಿದರೆ ಹಾಗೇ ಮೇಲಕ್ಕೆ ಏಳುವಷ್ಟು ಮೆತ್ತಗೆ.

ಒಟಿಜಿಯಲ್ಲಿ 180 ಡಿಗ್ರಿ, ಮೇಲೆ ಕೆಳಗೆ ಎರಡೂ ರಾಡ್, ಮೂವತ್ತೈದು ನಿಮಿಷ. ಬಣ್ಣಕ್ಕೆ ಇದನ್ನು ಮೀರಿಸುವುದಿಲ್ಲ. ಅಂಚು ಟಿನ್ ಬಿಟ್ಟುಕೊಂಡು, ಮೇಲೆ ತೆಳ್ಳಗೆ ಕಂದು ಪದರ ಕಟ್ಟಿಕೊಂಡು, ನೋಡಲು ಅಂಗಡಿ ಕೇಕೇ. ಆದರೆ ಗುಂಡಿಯ ಮೇಲೆ ಬರೆದ ಡಿಗ್ರಿಯನ್ನು ನಂಬಬೇಡಿ. ನಮ್ಮದರ ಒಳಗೆ ಥರ್ಮಾಮೀಟರ್ ಇಟ್ಟು ನೋಡಿದಾಗ, 180ಕ್ಕೆ ತಿರುಗಿಸಿದರೆ ಒಳಗಿದ್ದದ್ದು 160. ಮೊದಲ ಆರು ತಿಂಗಳು ನಡು ಹಸಿಯಾಗಿಯೇ ಉಳಿಯುತ್ತಿದ್ದದ್ದು ಯಾಕೆ ಅಂತ ಆವತ್ತು ಗೊತ್ತಾಯಿತು. ಒಳಗೆ 180 ಬರಲಿ ಅಂತ ಈಗ 200ಕ್ಕೆ ಇಡುತ್ತೇನೆ. ಕರೆಂಟಿನ ಭಯ ಅನೇಕರಿಗೆ ಇದೆ. 1,500 ವ್ಯಾಟಿನದು ಒಂದು ಗಂಟೆ ಬಿಡದೆ ಉರಿದರೂ ಒಂದೂವರೆ ಯೂನಿಟ್ಟು. ಬಿಸಿ ಏರಿದ ಮೇಲೆ ಅದು ನಡುನಡುವೆ ತಾನೇ ಆಫ್ ಆಗುವುದರಿಂದ ಅಷ್ಟೂ ಆಗುವುದಿಲ್ಲ.

ಮೈಕ್ರೋವೇವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫ್ಯಾನಿನ ಗಾಳಿಗೆ ಮೇಲ್ಭಾಗ ಬೇಗ ಗಟ್ಟಿಯಾಯಿತು, ಆಮೇಲೆ ಉಬ್ಬಿದ ನಡು ಅದನ್ನು ಬಿರುಕು ಬಿಡಿಸಿತು. 160ಕ್ಕೆ ಇಳಿಸಿ ಇನ್ನೊಮ್ಮೆ ಮಾಡಿದಾಗ ಪರವಾಗಿಲ್ಲ ಅನ್ನಿಸಿತು. ಮನೆಯಲ್ಲಿ ಆಗಲೇ ಇದ್ದರೆ ಬಳಸಿ, ಬೇಕಿಂಗಿಗೆ ಅಂತಲೇ ಕೊಳ್ಳಬೇಡಿ. ಲೋಹದ ಟಿನ್ ಕನ್ವೆಕ್ಷನ್ ಮೋಡಿಗೆ ಮಾತ್ರ, ಬರೀ ಮೈಕ್ರೋವೇವ್ ಮೋಡಿಗೆ ಬೇಡ.

ಸಂಜೆ ಯಾವುದು ಯಾವುದರದು ಅಂತ ಹೇಳದೆ ಐದು ಮನೆಗೆ ಮೂರೂ ಬಗೆಯ ತುಂಡು ಕಳಿಸಿದೆ. ನಾಲ್ಕು ಮನೆಯವರು ಕುಕ್ಕರಿನದನ್ನೇ ಮೆಚ್ಚಿದರು. ಹಲ್ಲು ಕಟ್ಟಿಸಿಕೊಂಡಿರುವ ನಮ್ಮ ಅತ್ತೆಗಂತೂ ಅದು ಬಿಟ್ಟು ಬೇರೆ ಬೇಡ. ಒಟಿಜಿ ಗೆಲ್ಲುತ್ತದೆ ಅಂತ ನಾನು ಗಟ್ಟಿಯಾಗಿ ನಂಬಿದ್ದೆ.

ಆದರೆ ಖಾರಾ ಬನ್ನಿಗೆ ಬಂದರೆ ಲೆಕ್ಕವೇ ಬೇರೆ. ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಹಾಕಿ ನಾದಿದ ಹಿಟ್ಟು ಕುಕ್ಕರಿನಲ್ಲಿ ಬೆಂದಿತು, ಆದರೆ ತಳ ರೊಟ್ಟಿಯ ಹಾಗೆ ಗಟ್ಟಿ, ಮೇಲೆ ಇಡ್ಲಿಯ ಹಾಗೆ ಬಿಳಿ. ಒಟಿಜಿಯಲ್ಲಿ ಹದಿನೆಂಟು ನಿಮಿಷಕ್ಕೆ ಬನ್ನಿನ ಮೇಲೆ ಎದ್ದುಕೊಂಡಿದ್ದ ಕರಿಬೇವಿನ ತುದಿ ಕರುಂ ಅನ್ನುವಂತಾಗಿ, ಅಂಚಿನ ಈರುಳ್ಳಿ ಕೆಂಪಗಾಗಿ, ತೆಗೆದ ತಕ್ಷಣ ಬೆಣ್ಣೆ ಸವರಿದಾಗ ಬಂದ ಘಮವೇ ಬೇರೆ. ಒಂದು ಸಲಕ್ಕೆ ಒಂಬತ್ತು ಬನ್ನು ಬೇರೆ. ಹಂಚುವವರಿಗೆ ಇದೂ ಮುಖ್ಯ ಅಲ್ವಾ? ಬಿಸ್ಕತ್ತಿಗೂ ಒಟಿಜಿಯೇ ಬೇಕು.

ಹಾಗಾಗಿ ಕೇಕು ಸಾಕು ಅನ್ನುವವರು ದುಡ್ಡು ಖರ್ಚು ಮಾಡಬೇಡಿ. ಬನ್ನು, ಬ್ರೆಡ್ಡು, ಬಿಸ್ಕತ್ತಿನ ಆಸೆ ಇದ್ದರೆ ಒಟಿಜಿ ಕೊಳ್ಳಿ, ಜೊತೆಗೆ ಥರ್ಮಾಮೀಟರೂ ಇರಲಿ. ಪಕ್ಕದ ಮನೆ ಆಂಟಿ ಅಟ್ಟದಿಂದ ಹಳೆಯ ಐದು ಲೀಟರ್ ಕುಕ್ಕರ್ ಇಳಿಸಿದ್ದಾರೆ. ಅದರ ಗೋಡೆಗೆ ತಾಗದಂಥ ಆರು ಇಂಚಿನ ಟಿನ್ ತರಲು ನಾಳೆ ಇಬ್ಬರೂ ಪಾತ್ರೆ ಅಂಗಡಿಗೆ ಹೋಗುತ್ತಿದ್ದೇವೆ.