ಗೋಡೆ ಚಿತ್ರದ ತಂಡಕ್ಕೆ ಐದಕ್ಕೆ ಮೂರೂವರೆ

ನಮ್ಮ ಬಡಾವಣೆ ಸಂಘದ ಖಜಾಂಚಿ ನಾನು. ಬ್ಯಾಂಕಿನಲ್ಲಿ 31 ವರ್ಷ ಲೆಕ್ಕ ಬರೆದವನು. ಹಾಗಾಗಿ ದುಡ್ಡಿನಿಂದಲೇ ಶುರು ಮಾಡುತ್ತೇನೆ. ಶಿವಮೊಗ್ಗದ ನಮ್ಮ ಪಾರ್ಕಿನ ಕಾಂಪೌಂಡ್ 60 ಅಡಿ ಉದ್ದ, 6 ಅಡಿ ಎತ್ತರ. ಅದಕ್ಕೆ ಚಿತ್ರ ಬರೆಸಲು ಒಂದು ಕಲಾವಿದರ ತಂಡವನ್ನು ಕರೆಸಿದೆವು. ಚದರ ಅಡಿಗೆ 90 ರೂಪಾಯಿಯಂತೆ ಕೂಲಿ 32,400. ಬಣ್ಣ, ಪ್ರೈಮರ್, ಬ್ರಷ್ಷಿನ ಖರ್ಚು ನಮ್ಮದು. ಇದರ ಮೇಲೆ, ಮಕ್ಕಳ ಜೊತೆ ಎರಡು ಭಾನುವಾರ ಕೂತು ಚಿತ್ರ ಗೊತ್ತುಮಾಡೋದಕ್ಕೆ ಬೇರೆ 5,000 ಕೇಳಿದರು. ಸುಮ್ನೆ ಮಾತಾಡೋದಕ್ಕೆ ಐದು ಸಾವಿರವಾ ಅಂತ ಸಭೆಯಲ್ಲಿ ಜಗಳ ತೆಗೆದವನು ನಾನೇ. ಈಗ ಕೇಳಿದರೆ, ಇಡೀ ಬಿಲ್ಲಿನಲ್ಲಿ ಚೌಕಾಸಿ ಮಾಡದೆ ಕೊಡಬೇಕಾದ ದುಡ್ಡು ಅದೊಂದೇ.

ನಾವು ಹಿರಿಯರು ಪಟ್ಟಿ ಮೊದಲೇ ಮಾಡಿಟ್ಟಿದ್ದೆವು. ಜೋಗ, ಕುವೆಂಪು, ಒಂದು ಹುಲಿ, ಕೆಳಗೆ 'ಸ್ವಚ್ಛತೆ ಕಾಪಾಡಿ'. 2009ರಲ್ಲಿ ಬೆಂಗಳೂರಿನ ಪಾಲಿಕೆಯವರು ಸಿನಿಮಾ ಬ್ಯಾನರ್ ಬರೆಯುತ್ತಿದ್ದ ಕಲಾವಿದರಿಂದ ರಸ್ತೆ ಗೋಡೆಗಳ ಮೇಲೆ ಬರೆಸಿದ್ದರಲ್ಲ, ನಮ್ಮ ತಲೆಯಲ್ಲಿದ್ದದ್ದು ಅದೇ. ಗೋಡೆಗೆ ಮೂತ್ರ ಮಾಡುವವರ ಕಾಟಕ್ಕೆ ದೇವರ ಟೈಲ್ಸ್ ಅಂಟಿಸೋಣ ಅಂತಲೂ ಒಬ್ಬರು ಅಂದರು.

ತಂಡದವರು ಮೂರು ಜನ, ಎಲ್ಲ ಮೂವತ್ತರ ಒಳಗಿನವರು. ಮೊದಲ ಭಾನುವಾರ ಕಾಗದ, ಪೆನ್ಸಿಲ್ ಏನೂ ತೆಗೆಯಲಿಲ್ಲ. 9ರಿಂದ 17 ವರ್ಷದ 22 ಮಕ್ಕಳನ್ನು ಕರೆದುಕೊಂಡು ನಾಲ್ಕೂ ಕ್ರಾಸ್ ಸುತ್ತಿದರು. "ಹೊಸಬರಿಗೆ ಕಾಣದೆ ನಿಮಗೆ ಮಾತ್ರ ಕಾಣೋದು ಏನಿದೆ ಇಲ್ಲಿ?" ಅಂತ ಕೇಳುತ್ತಾ ಹೋದರು. ದೊಡ್ಡವರು ಹಿಂದೆ ಬರಬಹುದು, ಬಾಯಿ ಬಿಡುವ ಹಾಗಿಲ್ಲ. ನನಗೆ ಅದೇ ಕಷ್ಟವಾಯಿತು.

ಬಂದ ಚಿತ್ರಗಳಲ್ಲಿ ಜೋಗ ಇರಲೇ ಇಲ್ಲ. ಟ್ರಾನ್ಸ್‌ಫಾರ್ಮರ್ ಕೆಳಗೆ ಮಲಗುವ ಕಂದು ನಾಯಿ ಇತ್ತು. ಬೆಳಗಿನ ಜಾವ ರಸ್ತೆ ಗುಡಿಸುವ ಅಕ್ಕ ಇದ್ದರು. ಮಳೆಗಾಲದಲ್ಲಿ ತುಂಗೆಯ ಮಂಟಪ ಮುಳುಗಿತಾ ಅಂತ ನೋಡೋಕೆ ಕೊಡೆ ಹಿಡಿದು ನಿಂತ ಜನ ಇದ್ದರು. ನಮ್ಮೂರಿನವರಿಗೆ ಇದಕ್ಕಿಂತ ದೊಡ್ಡ ಜಾತ್ರೆ ಯಾವುದಿದೆ? ದೇವರ ಟೈಲ್ಸ್ ವಿಷಯಕ್ಕೆ ಒಬ್ಬ ಹುಡುಗ, "ಅಂಕಲ್, ದೇವರನ್ನ ಕಾವಲಿಗೆ ಇಡ್ತೀರಾ?" ಅಂದ. ಆ ಮಾತು ಅಲ್ಲಿಗೇ ನಿಂತಿತು.

ಹತ್ತನೇ ಕ್ಲಾಸಿನ ಒಬ್ಬ ಹುಡುಗಿ ಮೂರನೇ ಕ್ರಾಸಿನ ಉರಿಯದ ದೀಪದ ಕಂಬ ಬರೆದಿದ್ದಳು. ಸುತ್ತ ಬರೀ ಕಪ್ಪು. ಟ್ಯೂಷನ್ ಮುಗಿಸಿ ಅಲ್ಲಿಂದ ಓಡಿಕೊಂಡೇ ಬರ್ತೀನಿ ಅಂದಳು. ಬಡಾವಣೆಯ ಮರ್ಯಾದೆ ಹೋಗುತ್ತೆ, ಇದು ಬೇಡ ಅಂದವರಲ್ಲಿ ನಾನೂ ಇದ್ದೆ. ದುಡ್ಡು ಕೊಡುವವರು ನಾವು, ಬೇರೆಯವರಾಗಿದ್ದರೆ ಹೂಂ ಅಂದುಬಿಡುತ್ತಿದ್ದರು. ಇವರು, "ತೆಗೀಬೇಕು ಅಂದ್ರೆ ಅವಳಿಗೆ ನೀವೇ ಹೇಳಿ ಸರ್" ಅಂದರು. ಯಾರಿಗೂ ಬಾಯಿ ಬರಲಿಲ್ಲ. ಕಂಬ ಉಳಿಯಿತು.

ಅಂಚಿಗೆ ಏನು ಅನ್ನುವಾಗ ಒಬ್ಬಳು ಸಾಗರದ ಕಡೆಯ ತನ್ನ ಅಜ್ಜಿಯನ್ನು ಕರೆತಂದಳು. ದೀವರ ಸಮುದಾಯದವರು ಮನೆ ಗೋಡೆಗೆ ಬರೆಯುವ ಹಸೆ ಚಿತ್ತಾರ ಬಲ್ಲವರು. ಅಕ್ಕಿಯ ಬಿಳುಪು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಬ್ರಷ್ಷು, ಎಲ್ಲ ವಿವರಿಸಿದರು. ಬಯಲು ಗೋಡೆಯಲ್ಲಿ ಮಳೆಗೆ ಅವು ನಿಲ್ಲಲ್ಲ ಅಂತ ಬಣ್ಣ ಅಂಗಡಿಯದೇ ಬಳಸಿದೆವು. ಆದರೂ ಕೆಮ್ಮಣ್ಣಿನ ಬಣ್ಣ ಅಜ್ಜಿ ಒಪ್ಪುವ ತನಕ ಐದು ಸಲ ಕಲೆಸಿದರು. ಗೆರೆ ಸೊಟ್ಟಗಾದರೆ ಕಲಾವಿದರಿಗೂ ಅಜ್ಜಿಯ ಬೈಗುಳ!

ಬರೆಯುವ ಕೆಲಸ ಸರಾಗವಾಗಿ ಆಯಿತು. ಸೀಮೆಸುಣ್ಣದಲ್ಲಿ ಚೌಕ ಹಾಕಿ ಚಿತ್ರ ದೊಡ್ಡದು ಮಾಡಿದರು. ನಾಲ್ಕು ಅಡಿವರೆಗೆ ಮಕ್ಕಳು, ಮೇಲೆ ಇವರು. ಆರು ದಿನ.

ಇನ್ನು ಒಂದೂವರೆ ಅಂಕ ಕಡಿದ ಕಾರಣ. ನಮ್ಮದು ಹಳೇ ಸುಣ್ಣದ ಗೋಡೆ. ಕೈಯಿಟ್ಟರೆ ಪುಡಿ ಬರುತ್ತಿತ್ತು. ತಂತಿ ಬ್ರಷ್ಷಿನಲ್ಲಿ ಪೂರ್ತಿ ಉಜ್ಜಿ, ತೊಳೆದು, ಚೆನ್ನಾಗಿ ಒಣಗಿಸಿ ಆಮೇಲೆ ಪ್ರೈಮರ್ ಹೊಡೆಯಬೇಕು. ಇವರು ಕಣ್ಣೆತ್ತರದಲ್ಲಿ ಚೆನ್ನಾಗಿ ಉಜ್ಜಿದರು, ಬುಡದಲ್ಲಿ ಶಾಸ್ತ್ರಕ್ಕೆ. ಆಷಾಢದ ಮಳೆಗೆ ನೆಲದಿಂದ ತೇವ ಏರಿ, ಕೆಳಗಿನ ಒಂದಡಿ ಹಪ್ಪಳದ ಹಾಗೆ ಎದ್ದು ಬಂತು. ಅಜ್ಜಿಯ ಚಿತ್ತಾರದ ಅಂಚು ಇದ್ದದ್ದು ಅಲ್ಲೇ. ಫೋನ್ ಮಾಡಿದರೆ ನಾಳೆ, ನಾಡಿದ್ದು ಅಂತ ಐದು ವಾರ ತಳ್ಳಿದರು. ಕೊನೆಗೆ ಬಂದು ಕೂಲಿ ತಗೊಳ್ಳದೆ ಸರಿಮಾಡಿದರು, ನಿಜ. ಬಣ್ಣದ ದುಡ್ಡು ಮಾತ್ರ ಮತ್ತೆ ನಮ್ಮ ತಲೆಗೇ ಬಂತು.

ನೀವು ಇಂಥವರನ್ನು ಕರೆಸುವುದಾದರೆ ಗೋಡೆ ಕೆರೆಯುವ ಕೆಲಸ ನಿಮ್ಮೂರಿನ ಪೇಂಟರಿಗೆ ಕೊಡಿ. ತೇವ ಇದ್ದರೆ ಬೇಸಿಗೆಯಲ್ಲೇ ಸರಿಮಾಡಿಸಿ. ಚಿತ್ರದ ಕೆಲಸ ಇವರಿಗೇ ಇರಲಿ. ರಿಪೇರಿಗೆ ಎಷ್ಟು ದಿನದೊಳಗೆ ಬರ್ತೀರಿ ಅಂತ ಮುಂಗಡ ಕೊಡುವ ಮೊದಲೇ ಬರೆಸಿಕೊಳ್ಳಿ. ಪ್ರತಿ ಬಣ್ಣದಲ್ಲೂ ಅರ್ಧ ಲೀಟರ್ ಎತ್ತಿಡಿ. ನಮ್ಮದು ನಮ್ಮನೆ ಮೆಟ್ಟಿಲ ಕೆಳಗಿದೆ, ಕೆಮ್ಮಣ್ಣಿನ ಡಬ್ಬಿ ಒಂದು ಖಾಲಿ.